ಇವರೆಲ್ಲ ಓದೋದು ಯಾವಾಗ?

ಮಿಷಿಗನ್ ರಾಜ್ಯದ ಆ್ಯನ್ ಆರ್ಬರ್ ದೊಡ್ಡ ಊರೇನಲ್ಲ. 2020ರ ಜನಗಣತಿಯಲ್ಲಿ ಇಲ್ಲಿನ ಜನಸಂಖ್ಯೆ 1,23,851. ಊರಿನ ವಿಶ್ವವಿದ್ಯಾಲಯದ ಫುಟ್‌ಬಾಲ್ ಕ್ರೀಡಾಂಗಣದಲ್ಲಿ ಕೂರಲು ಜಾಗವಿರುವುದು 1,07,601 ಮಂದಿಗೆ. ಕೈಗೂಸುಗಳನ್ನೂ ಹಾಸಿಗೆ ಹಿಡಿದವರನ್ನೂ ಬಿಟ್ಟರೆ ಇಡೀ ಊರನ್ನು ಒಳಗೆ ಕೂರಿಸಿ ಬಾಗಿಲು ಹಾಕಿಬಿಡಬಹುದು. ಆಗಸ್ಟ್ ಕೊನೆಯಿಂದ ನವೆಂಬರ್ ಕೊನೆಯವರೆಗೆ ಏಳೆಂಟು ಶನಿವಾರ ಹೆಚ್ಚುಕಡಿಮೆ ಆಗುವುದೂ ಅದೇ. 1975ರ ನವೆಂಬರಿನಿಂದ ಈಚೆಗೆ, ಕೋವಿಡ್ ಕಾಲದ 2020 ಒಂದನ್ನು ಬಿಟ್ಟರೆ, ಇಲ್ಲಿನ ಯಾವ ಪಂದ್ಯಕ್ಕೂ ಲಕ್ಷಕ್ಕಿಂತ ಕಡಿಮೆ ಜನ ಬಂದದ್ದಿಲ್ಲ. 2013ರಲ್ಲಿ ನೋಟರ್ ಡೇಮ್ ತಂಡ ಬಂದಿದ್ದಾಗ ಸೇರಿದವರು 1,15,109.

ಆಡುವವರು ಯಾರು? ಹದಿನೆಂಟರಿಂದ ಇಪ್ಪತ್ತೆರಡು, ಇಪ್ಪತ್ಮೂರರ ಆಸುಪಾಸಿನ ಕಾಲೇಜು ಹುಡುಗರು. ಅಮೆರಿಕದಲ್ಲಿ ಬಹಳ ಕಾಲ ಇದ್ದವರಿಗೆ ಇದು ವಿಚಿತ್ರ ಅನ್ನಿಸುವುದೇ ನಿಂತುಹೋಗುತ್ತದೆ. ನನಗೂ ನಿಂತುಹೋಗಿತ್ತು. ಈ ಬೇಸಿಗೆಯಲ್ಲಿ ನನ್ನ ತಂಗಿಯ ಸಂಸಾರ ಮೈಸೂರಿನಿಂದ ಡೆಟ್ರಾಯ್ಟ್ ಕಡೆಗೆ ಬಂದು ನೆಲೆಯಾಯಿತು. ತಂಗಿಯ ಗಂಡನಿಗೆ ಕಾರು ಕಂಪನಿಯ ಕೆಲಸ. ಈ ಭಾಗದ ಕನ್ನಡಿಗರಲ್ಲಿ ಆ ಕೆಲಸದವರು ಬಹಳ. ಅವಳ ಹತ್ತು ವರ್ಷದ ಮಗಳನ್ನು ಸೆಪ್ಟೆಂಬರಿನ ಒಂದು ಶನಿವಾರ ಪಂದ್ಯಕ್ಕೆ ಕರೆದುಕೊಂಡು ಹೋದೆ. ಆಟ ಶುರುವಾಗುವ ಮೊದಲೇ ಅವಳು ಕೇಳಿದಳು: “ದೊಡ್ಡಮ್ಮ, ಇವರೆಲ್ಲ ಓದೋದು ಯಾವಾಗ?”

ಮೈಸೂರಿನಲ್ಲಿ ಬೆಳೆದ ಮಗು ಕೇಳಲೇಬೇಕಾದ ಪ್ರಶ್ನೆ. ಪರೀಕ್ಷೆ ಹತ್ತಿರವಾದರೆ ಬ್ಯಾಟನ್ನು ಅಟ್ಟದ ಮೇಲೆ ಹಾಕುವ ಮನೆಯಿಂದ ಬಂದವಳು ಅವಳು. ಇದಕ್ಕೆ ಒಂದು ಮಾತಿನಲ್ಲಿ ಉತ್ತರ ಕೊಡಲಾಗುವುದಿಲ್ಲ. ಈ ದೇಶವೇ ನೂರೈವತ್ತು ವರ್ಷದಿಂದ ಕೊಡಲಾಗದೆ ಒದ್ದಾಡುತ್ತಿದೆ.

ಮೊದಲು ಪಂದ್ಯದ ಆಯ್ಕೆಯ ಬಗ್ಗೆ ಹೇಳಿಬಿಡುತ್ತೇನೆ, ಮಕ್ಕಳನ್ನು ಕರೆದುಕೊಂಡು ಹೋಗುವವರಿಗೆ ಬೇಕಾಗಬಹುದು. ಎಲ್ಲರೂ ನವೆಂಬರ್ ಕೊನೆಯ ಶನಿವಾರದ ಒಹಾಯೊ ಸ್ಟೇಟ್ ಪಂದ್ಯದ ಕನಸು ಕಾಣುತ್ತಾರೆ. 1897ರಲ್ಲಿ ಶುರುವಾದ ಹಗೆ ಅದು. ಚಳಿ ಮೂಳೆಗೆ ಇಳಿಯುತ್ತದೆ, ಟಿಕೆಟ್ಟಿನ ಬೆಲೆ ಕೇಳಿದರೆ ಮೈ ಬಿಸಿಯಾಗುತ್ತದೆ, ಸುತ್ತಲಿನ ದೊಡ್ಡವರ ಬಾಯಿಯಿಂದ ಮಕ್ಕಳು ಕೇಳಬಾರದ ಮಾತು ಬರುತ್ತವೆ. ಮೊದಲ ಸಲಕ್ಕೆ ಬೇಕಾದ್ದು ಸೆಪ್ಟೆಂಬರಿನ ಬಿಸಿಲು ಮತ್ತು ಸಣ್ಣ ಎದುರಾಳಿ. ದೊಡ್ಡ ವಿಶ್ವವಿದ್ಯಾಲಯಗಳು ಋತುವಿನ ಆರಂಭದಲ್ಲಿ ಸಣ್ಣ ತಂಡಗಳನ್ನು ಹಣ ಕೊಟ್ಟು ಕರೆಸಿಕೊಳ್ಳುತ್ತವೆ. ಗೆಲುವು ಖಚಿತ ಅನ್ನುವುದು ಲೆಕ್ಕಾಚಾರ. ಲೆಕ್ಕ ತಪ್ಪುವುದೂ ಉಂಟು: 2007ರ ಸೆಪ್ಟೆಂಬರ್ 1ರಂದು, ದೇಶದಲ್ಲಿ ಐದನೇ ಸ್ಥಾನದಲ್ಲಿದ್ದ ಮಿಷಿಗನ್ನನ್ನು ಇದೇ ಅಂಗಳದಲ್ಲಿ ಆ್ಯಪಲೇಶಿಯನ್ ಸ್ಟೇಟ್ 34–32ರಿಂದ ಸೋಲಿಸಿತು. ಆ ದಿನದ ಮಾತು ತೆಗೆದರೆ ಇಂದಿಗೂ ಇಲ್ಲಿನ ಹಳಬರು ವಿಷಯ ಬದಲಿಸುತ್ತಾರೆ. ಕಿವಿಗೆ ಗದ್ದಲ ತಡೆಯುವ ಮಫ್ ಇರಲಿ. ಚೀಲ ಒಳಗೆ ಬಿಡುವುದಿಲ್ಲ. ತಂಗಿ ಕಟ್ಟಿಕೊಟ್ಟ ಕೋಡುಬಳೆಯನ್ನು ನಾವು ಕಾರಿನ ಪಕ್ಕದಲ್ಲಿ ನಿಂತೇ ಮುಗಿಸಿದೆವು. ಪಕ್ಕದ ಕಾರಿನವರು ಬೆಳಿಗ್ಗೆ ಹತ್ತಕ್ಕೇ ಒಲೆ ಹೂಡಿ ಮಾಂಸ ಸುಡುತ್ತಿದ್ದರು. ಅವರಿಗೂ ನಾಲ್ಕು ಕೋಡುಬಳೆ ಹೋಯಿತು.

ರಸ್ತೆಯಿಂದ ನೋಡಿದರೆ ಈ ಕ್ರೀಡಾಂಗಣ ಅಷ್ಟೇನೂ ದೊಡ್ಡದಾಗಿ ಕಾಣುವುದಿಲ್ಲ. 1927ರಲ್ಲಿ ಕಟ್ಟಿಸಿದ ಫೀಲ್ಡಿಂಗ್ ಯೋಸ್ಟ್ ಅದರ ಬಹುಪಾಲನ್ನು ನೆಲದೊಳಗೆ ಇಳಿಸಿದ. ಬಾಗಿಲು ದಾಟಿ ಒಳಗೆ ಹೋದರೆ ನೀವು ನಿಲ್ಲುವುದು ಅಂಚಿನಲ್ಲಿ. ಬೆಂಚುಗಳ ಸಾಲು ಸಾಲು ಕೆಳಗಿಳಿಯುತ್ತ ಹೋಗಿ ತಳದಲ್ಲಿ ಹಸಿರು ಅಂಗಳ. ಹುಡುಗಿ ಅಲ್ಲಿ ನಿಂತವಳು ಕದಲಲಿಲ್ಲ. ಹಿಂದಿನವರು ತಳ್ಳಲಿಲ್ಲ, ಬೈಯಲೂ ಇಲ್ಲ. ಒಬ್ಬ ಮುದುಕ “ಮೊದಲ ಸಲವಾ?” ಎಂದು ಕೇಳಿ ನಕ್ಕು ಪಕ್ಕದಿಂದ ಇಳಿದುಹೋದ. 1,07,601ರ ಕೊನೆಯ ಆ ಒಂದು ಸ್ಥಾನ ಕೋಚ್ ಫ್ರಿಟ್ಜ್ ಕ್ರೈಸ್ಲರ್‌ಗೆ ಮೀಸಲು, ಅದು ಎಲ್ಲಿದೆ ಅಂತ ಯಾರಿಗೂ ಗೊತ್ತಿಲ್ಲ ಎಂಬ ಊರ ಮಾತನ್ನು ಅವಳಿಗೆ ಹೇಳಿದೆ. ಆಟದುದ್ದಕ್ಕೂ ಬಿಡುವು ಸಿಕ್ಕಾಗಲೆಲ್ಲ ಅವಳು ಖಾಲಿ ಜಾಗ ಹುಡುಕುತ್ತಿದ್ದಳು.

ಆಟದ ನಿಯಮವನ್ನೆಲ್ಲ ಹೇಳಿಬಿಡಬೇಕು ಎನ್ನುವುದು ದೊಡ್ಡವರಿಗೆ ಬರುವ ಚಪಲ. ಪಕ್ಕದ ಸಾಲಿನಲ್ಲಿ ಒಬ್ಬ ಅಪ್ಪ ಆರೇಳು ವರ್ಷದ ಮಗನಿಗೆ ಪ್ರತಿ ಎಸೆತವನ್ನೂ ಬಿಡಿಸಿ ಹೇಳುತ್ತಿದ್ದ. ಮಗ ಕಡಲೆಕಾಯಿ ಸಿಪ್ಪೆಯಲ್ಲಿ ದೋಣಿ ಮಾಡುತ್ತಿದ್ದ. ನಾನು ಹೇಳಿದ್ದು ಇಷ್ಟೇ: ಇದು ನೆಲ ಗೆಲ್ಲುವ ಆಟ. ನೂರು ಗಜದ ಅಂಗಳ, ಒಂದೊಂದು ಕಡೆ ಹನ್ನೊಂದು ಜನ. ಚೆಂಡು ಕೈಯಲ್ಲಿರುವವರಿಗೆ ನಾಲ್ಕು ಅವಕಾಶ. ಅಷ್ಟರಲ್ಲಿ ಹತ್ತು ಗಜ ಮುಂದೆ ಹೋದರೆ ಮತ್ತೆ ನಾಲ್ಕು ಅವಕಾಶ, ಇಲ್ಲದಿದ್ದರೆ ಚೆಂಡು ಎದುರಿನವರ ಪಾಲಿಗೆ. ಕೊನೆ ಮುಟ್ಟಿಸಿದರೆ ಆರು ಅಂಕ, ಆಮೇಲೆ ಕಂಬಗಳ ನಡುವೆ ಒದ್ದರೆ ಇನ್ನೊಂದು; ಅಲ್ಲಿಯವರೆಗೆ ಹೋಗಲಾಗದೆ ದೂರದಿಂದಲೇ ಒದ್ದರೆ ಮೂರು. “ಕಬಡ್ಡಿ ಥರ. ಹಿಡಿದು ಬೀಳಿಸಿದರೆ ಮುಗೀತು,” ಎಂದಳು. ಅಷ್ಟು ಸಾಕಿತ್ತು.

ಅವಳಿಗೆ ತಾಳ್ಮೆ ತಪ್ಪಿಸಿದ್ದು ನಿಯಮವಲ್ಲ, ಜಾಹೀರಾತು. ಆಟದ ಗಡಿಯಾರದಲ್ಲಿ ಹದಿನೈದು ನಿಮಿಷದ ನಾಲ್ಕು ಭಾಗ. ಮುಗಿಯುವಾಗ ಮೂರೂವರೆ ಗಂಟೆ ಹತ್ತಿರ. ಟೀವಿಯವರು ಜಾಹೀರಾತು ತೋರಿಸುವಾಗ ಆಟಗಾರರು ಸೊಂಟದ ಮೇಲೆ ಕೈಯಿಟ್ಟು ನಿಲ್ಲುತ್ತಾರೆ, ಲಕ್ಷ ಜನ ಸುಮ್ಮನೆ ಕಾಯುತ್ತಾರೆ. ಮಿಷಿಗನ್ ಇರುವ ಬಿಗ್ ಟೆನ್ ಒಕ್ಕೂಟ 2022ರಲ್ಲಿ ಫಾಕ್ಸ್, ಸಿಬಿಎಸ್, ಎನ್‌ಬಿಸಿ ಜೊತೆ ಮಾಡಿಕೊಂಡ ಏಳು ವರ್ಷದ ಒಪ್ಪಂದ 700 ಕೋಟಿ ಡಾಲರ್ ಮೀರಿದ್ದು. ಅಷ್ಟು ಕೊಟ್ಟವರು ಕಾಯಿಸದೆ ಬಿಡುತ್ತಾರೆಯೇ?

ಇನ್ನು ಓದೋದು ಯಾವಾಗ ಎಂಬ ಆ ಪ್ರಶ್ನೆ. ಕಾನೂನಿನ ಉತ್ತರ ಸುಲಭ. ಕಾಲೇಜು ಕ್ರೀಡೆಯನ್ನು ಆಳುವ ಎನ್‌ಸಿಎಎ ಸಂಸ್ಥೆಯ ನಿಯಮದಂತೆ, ಋತು ನಡೆಯುವಾಗ ತಂಡದ ಕೆಲಸಕ್ಕೆ ವಾರಕ್ಕೆ 20 ಗಂಟೆ ಮೀರುವಂತಿಲ್ಲ. ಉಳಿದ ಹೊತ್ತು ಓದಿಗೆ. ಪ್ರಯಾಣ, ಪೆಟ್ಟಿಗೆ ಶುಶ್ರೂಷೆ, ಮನೆಗೆ ಹೋದ ಮೇಲೆ ತಾವಾಗಿಯೇ ನೋಡುವ ಪಂದ್ಯದ ವಿಡಿಯೊ ಇವೆಲ್ಲ ಆ ಲೆಕ್ಕಕ್ಕೆ ಬರುವುದಿಲ್ಲ. ಹಾಗಾಗಿ ನಿಜವಾದ ಗಂಟೆಗಳು ಅದಕ್ಕಿಂತ ಬಹಳ ಹೆಚ್ಚು ಎಂದು ಆಟಗಾರರೇ ಹೇಳಿಕೊಂಡು ಬಂದಿದ್ದಾರೆ. ತಂಡದಲ್ಲಿ ನೂರು ಚಿಲ್ಲರೆ ಹುಡುಗರಿರುತ್ತಾರೆ. ದೇಶದ ಕಾಲೇಜು ಆಟಗಾರರಲ್ಲಿ ಮುಂದೆ ವೃತ್ತಿಪರ ಎನ್‌ಎಫ್‌ಎಲ್ ಸೇರುವವರು ನೂರಕ್ಕೆ ಇಬ್ಬರೂ ಇಲ್ಲ. ಮಿಕ್ಕವರು ಬದುಕುವುದು ಓದಿದ್ದರಿಂದಲೇ.

ಓದಿದವರಿಲ್ಲವೇ? ಇದೇ ತಂಡದ ಮುಂಸಾಲಿನ ನಡುವೆ ಆಡುತ್ತಿದ್ದ ಜೆರಾಲ್ಡ್ ಫೋರ್ಡ್ ಆಮೇಲೆ ಯೇಲ್‌ನಲ್ಲಿ ಕಾನೂನು ಓದಿ 1974ರಲ್ಲಿ ಅಮೆರಿಕದ ಅಧ್ಯಕ್ಷನಾದ. ಅವನ ಗೆಳೆಯ ವಿಲಿಸ್ ವಾರ್ಡ್‌ನ ಕಥೆಯನ್ನು ನಾನು ಹುಡುಗಿಗೆ ದಾರಿಯಲ್ಲೇ ಹೇಳಿದ್ದೆ. ವಾರ್ಡ್ ಕಪ್ಪು ಹುಡುಗ, ಓಟದಲ್ಲೂ ಜಿಗಿತದಲ್ಲೂ ದೇಶಕ್ಕೆ ಹೆಸರಾದವನು. 1934ರ ಅಕ್ಟೋಬರಿನಲ್ಲಿ ದಕ್ಷಿಣದಿಂದ ಬಂದ ಜಾರ್ಜಿಯಾ ಟೆಕ್ ತಂಡ, ಅವನು ಅಂಗಳಕ್ಕಿಳಿದರೆ ನಾವು ಆಡುವುದಿಲ್ಲ ಎಂದಿತು. ಮಿಷಿಗನ್ ಅವನನ್ನು ಹೊರಗೆ ಕೂರಿಸಿತು. ವಿದ್ಯಾರ್ಥಿಗಳು ಸಭೆ ಮಾಡಿದರು, ಕೂಗಿದರು; ಫೋರ್ಡ್ ತಾನೂ ಆಡುವುದಿಲ್ಲ ಎನ್ನುವವರೆಗೆ ಹೋಗಿ ಕೊನೆಗೆ ಆಡಿದ. ಆ ವರ್ಷ ಮಿಷಿಗನ್ ಗೆದ್ದದ್ದು ಅದೊಂದೇ ಪಂದ್ಯ. ವಾರ್ಡ್ ಮುಂದೆ ವಕೀಲನಾಗಿ, ಡೆಟ್ರಾಯ್ಟ್ ಇರುವ ಕೌಂಟಿಯಲ್ಲಿ ನ್ಯಾಯಾಧೀಶನಾದ. “ಸ್ವಂತ ತಂಡದವರೇ ಕೂರಿಸಿದರಾ?” ಎಂದು ಎರಡು ಸಲ ಕೇಳಿದಳು. ಈ ನಾಡಿಗೆ ಹೊಸದಾಗಿ ಬಂದ, ಕಂದು ಬಣ್ಣದ ಮಗುವಿಗೆ ಹಳದಿ-ನೀಲಿ ಅಂಗಿ ತೊಡಿಸುವ ಮೊದಲು ಇದೂ ಗೊತ್ತಿರಲಿ ಎನ್ನುವುದು ನನ್ನ ಹಟ. ಅಂಗಿಯನ್ನು ಖುಷಿಯಿಂದಲೇ ತೊಟ್ಟಳು, ಅದು ಬೇರೆ.

ಹುಡುಗಿಯರು ಎಲ್ಲಿ ಎಂಬುದು ಮುಂದಿನ ಪ್ರಶ್ನೆ. 1969ರಲ್ಲಿ ವಿದ್ಯಾರ್ಥಿ ಪತ್ರಿಕೆಯ ಛಾಯಾಗ್ರಾಹಕಿ ಸಾರಾ ಕ್ರುಲ್ವಿಚ್ ಈ ಅಂಗಳದ ಅಂಚಿಗೆ ಇಳಿದಾಗ, ಹೆಂಗಸರಿಗೆ ಇಲ್ಲಿ ಜಾಗವಿಲ್ಲ, ಹೊರಡಿ ಎಂದರು. ಆಕೆ ಹೊರಡಲಿಲ್ಲ. 2020ರಲ್ಲಿ ವ್ಯಾಂಡರ್‌ಬಿಲ್ಟ್ ತಂಡದ ಪರವಾಗಿ ಸಾರಾ ಫುಲ್ಲರ್ ಚೆಂಡು ಒದ್ದಳು; ದೊಡ್ಡ ಒಕ್ಕೂಟಗಳ ಪಂದ್ಯದಲ್ಲಿ ಆಡಿದ ಮೊದಲ ಹುಡುಗಿ. ಸದ್ಯಕ್ಕೆ ಅಷ್ಟೇ ಕಣೇ, ಎಂದೆ.

ಎರಡನೇ ಭಾಗದ ಹೊತ್ತಿಗೆ ಎದುರಾಳಿ ತಂಡದ ಒಬ್ಬ ಹುಡುಗ ಬಿದ್ದವನು ಏಳಲಿಲ್ಲ. ಗದ್ದಲ ಕರಗಿತು. ಎರಡೂ ತಂಡದವರು ಒಂದು ಮೊಣಕಾಲೂರಿ ಕೂತರು. ಹುಡುಗಿ ನನ್ನ ತೋಳು ಹಿಡಿದುಕೊಂಡು, “ಅವನ ಅಮ್ಮ ಇಲ್ಲಿ ಇದ್ದಾರಾ?” ಎಂದಳು. ಇದ್ದಿರಲೂಬಹುದು. ಕೊನೆಗೆ ಅವನು ಎದ್ದು ಇಬ್ಬರ ಹೆಗಲ ಮೇಲೆ ಕೈಹಾಕಿ ನಡೆದುಹೋದ, ಎಲ್ಲರೂ ಚಪ್ಪಾಳೆ ತಟ್ಟಿದರು, ಆಟ ಮುಂದುವರಿಯಿತು. ನನಗೆ ಆ ಚಪ್ಪಾಳೆ ಅಷ್ಟು ಸಲೀಸಾಗಿ ಬರುವುದಿಲ್ಲ. 1905ರಲ್ಲೇ ಈ ಆಟದಲ್ಲಿ ಹುಡುಗರು ಸಾಯುತ್ತಿದ್ದುದನ್ನು ಕಂಡು ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್ ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್‌ನವರನ್ನು ಶ್ವೇತಭವನಕ್ಕೆ ಕರೆಸಿ ಸರಿಪಡಿಸಿ ಎಂದಿದ್ದ. ಮರುವರ್ಷ ಚೆಂಡನ್ನು ಮುಂದಕ್ಕೆ ಎಸೆಯುವುದಕ್ಕೆ ಒಪ್ಪಿಗೆ ಸಿಕ್ಕಿತು, ಗುಂಪುಗುಂಪಾಗಿ ಮೇಲೆ ಬೀಳುವುದು ಕಡಿಮೆಯಾಯಿತು. ಈಗ ಪೆಟ್ಟು ಬೀಳುವುದು ಹೊರಗೆ ಕಾಣದ ಕಡೆ. ಬಾಸ್ಟನ್ ವಿಶ್ವವಿದ್ಯಾಲಯದವರು 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕಾಲೇಜು ಮಟ್ಟದವರೆಗೆ ಆಡಿ ತೀರಿಕೊಂಡ 53 ಮಂದಿಯ ಮಿದುಳುಗಳಲ್ಲಿ 48ರಲ್ಲಿ ಸಿಟಿಇ ಎಂಬ ಮಿದುಳು ಸವೆತದ ಕಾಯಿಲೆಯ ಗುರುತು ಸಿಕ್ಕಿತು. ಕಾಯಿಲೆಯ ಅನುಮಾನವಿದ್ದ ಕುಟುಂಬದವರೇ ಹೆಚ್ಚಾಗಿ ದಾನ ಕೊಟ್ಟ ಮಿದುಳುಗಳು ಅವು, ಆದ್ದರಿಂದ ಎಲ್ಲ ಆಟಗಾರರಿಗೂ ಆ ಲೆಕ್ಕ ಹಾಕಲಾಗದು. ಹಾಗೆಂದು ತಳ್ಳಿಹಾಕಲೂ ಆಗದು. ಇದನ್ನು ಮಗುವಿಗೆ ಹೇಳಲಿಲ್ಲ. ಹತ್ತು ವರ್ಷಕ್ಕೆ ಅಮ್ಮನ ಪ್ರಶ್ನೆಯೇ ಸಾಕು.

ಬಹಳ ಕಾಲ ಈ ಹುಡುಗರಿಗೆ ಸಿಗುತ್ತಿದ್ದುದು ಓದಿನ ಖರ್ಚು, ಊಟ, ವಸತಿ ಮಾತ್ರ. ಕೋಚುಗಳಿಗೆ ಲಕ್ಷಾಂತರ ಡಾಲರ್. 2021ರ ಜುಲೈನಿಂದ ಹುಡುಗರು ತಮ್ಮ ಹೆಸರು, ಮುಖ ಬಳಸಿ ಜಾಹೀರಾತಿನಲ್ಲಿ ದುಡಿಯಬಹುದೆಂದಾಯಿತು. 2025ರಲ್ಲಿ ನ್ಯಾಯಾಲಯ ಒಪ್ಪಿದ ರಾಜಿಯ ನಂತರ ವಿಶ್ವವಿದ್ಯಾಲಯವೇ ನೇರವಾಗಿ ಹಣ ಕೊಡಬಹುದು. ಮೊದಲ ವರ್ಷಕ್ಕೆ ಒಂದೊಂದು ವಿಶ್ವವಿದ್ಯಾಲಯಕ್ಕೆ ಎಲ್ಲ ಆಟಗಳೂ ಸೇರಿ ಸುಮಾರು 2 ಕೋಟಿ 5 ಲಕ್ಷ ಡಾಲರ್ ಮಿತಿ. ಆಟದ ಮುಗ್ಧತೆ ಹೋಯಿತು ಎಂದು ಕೊರಗುವವರಿದ್ದಾರೆ. ನನಗೆ ಅವರ ಮೇಲೆ ಕನಿಕರವಿಲ್ಲ. ಮೊಣಕಾಲು ಮುರಿದುಕೊಳ್ಳುವವನು ದುಡ್ಡು ಕೇಳಿದರೆ ಕೆಡುವಂಥ ಮುಗ್ಧತೆ ಎಂಥದು?

ಹುಡುಗಿಯ ಓದಿನ ಪ್ರಶ್ನೆಯನ್ನು ಒಮ್ಮೆ ಒಬ್ಬ ಕುಲಪತಿಯೇ ಕೇಳಿದ್ದ. ಇಲ್ಲಿಂದ ನಾಲ್ಕು ಗಂಟೆ ಹಾದಿಯ ಷಿಕಾಗೊ ವಿಶ್ವವಿದ್ಯಾಲಯ ಒಂದು ಕಾಲಕ್ಕೆ ಮಿಷಿಗನ್ನಿನ ಕಡು ವೈರಿ. 1898ರಲ್ಲಿ ಆ ತಂಡವನ್ನು 12–11ರಿಂದ ಸೋಲಿಸಿದ ಖುಷಿಯಲ್ಲೇ ಲೂಯಿ ಎಲ್ಬೆಲ್ ಎಂಬ ಸಂಗೀತ ವಿದ್ಯಾರ್ಥಿ ಕಟ್ಟಿದ ಹಾಡು ಇಂದಿಗೂ ಇಲ್ಲಿ ಪ್ರತಿ ಅಂಕಕ್ಕೂ ಮೊಳಗುತ್ತದೆ. ಕಾಲೇಜು ಫುಟ್‌ಬಾಲಿನ ಅತಿ ದೊಡ್ಡ ಗೌರವವಾದ, ಮರುವರ್ಷದಿಂದ ಹೈಸ್ಮನ್ ಎಂದು ಹೆಸರಾದ ಪ್ರಶಸ್ತಿ 1935ರಲ್ಲಿ ಮೊದಲ ಸಲ ಹೋದದ್ದು ಷಿಕಾಗೊದ ಜೇ ಬರ್ವಾಂಗರ್‌ಗೆ. ಅದಾಗಿ ನಾಲ್ಕೇ ವರ್ಷಕ್ಕೆ, 1939ರಲ್ಲಿ, ಕುಲಪತಿ ರಾಬರ್ಟ್ ಹಚಿನ್ಸ್ ತಂಡವನ್ನೇ ಮುಚ್ಚಿಸಿದ. ವಿಶ್ವವಿದ್ಯಾಲಯ ಇರುವುದು ಓದಿಗೆ, ಅದೂ ಇದೂ ಒಟ್ಟಿಗೆ ಆಗದು ಎನ್ನುವುದು ಅವನ ವಾದ. ಖಾಲಿ ಬಿದ್ದ ಆ ತಂಡದ ಅಂಗಳ ಸ್ಟ್ಯಾಗ್ ಫೀಲ್ಡಿನ ಪಶ್ಚಿಮದ ಮೆಟ್ಟಿಲುಸಾಲಿನ ಕೆಳಗಡೆ 1942ರ ಡಿಸೆಂಬರ್ 2ರಂದು ಎನ್ರಿಕೊ ಫರ್ಮಿಯ ತಂಡ ಮೊದಲ ಬಾರಿಗೆ ನಿಯಂತ್ರಿತ ಪರಮಾಣು ಸರಪಳಿ ಕ್ರಿಯೆ ನಡೆಸಿತು. ಓದಿಗೇ ಬಿಟ್ಟುಕೊಟ್ಟ ಜಾಗದಿಂದ ಅಣುಬಾಂಬಿನ ದಾರಿ ತೆರೆಯಿತು ಎಂದರೆ ಹಚಿನ್ಸ್‌ನ ವಾದಕ್ಕೆ ಅನ್ಯಾಯವಾದೀತೇನೋ. ಆದರೂ ಮನಸ್ಸಿಗೆ ಬಂದೇ ಬರುತ್ತದೆ.

ಆ ಅಂಗಳದ ಜಾಗದಲ್ಲಿ ಈಗಿರುವುದು 1970ರಲ್ಲಿ ತೆರೆದ ರೀಗನ್‌ಸ್ಟೈನ್ ಗ್ರಂಥಾಲಯ. ಮೈಸೂರಿನಲ್ಲಿ ಹುಟ್ಟಿದ ಎ. ಕೆ. ರಾಮಾನುಜನ್ ಮೂರು ದಶಕ ಪಾಠ ಹೇಳಿದ್ದು, ಬಸವಣ್ಣ, ಅಕ್ಕ, ಅಲ್ಲಮರ ವಚನಗಳನ್ನು ಇಂಗ್ಲಿಷಿಗೆ ದಾಟಿಸಿದ ಪುಸ್ತಕವನ್ನು 1973ರಲ್ಲಿ ತಂದದ್ದು ಇದೇ ವಿಶ್ವವಿದ್ಯಾಲಯದಲ್ಲಿ ಇದ್ದುಕೊಂಡು. ಆ ಗ್ರಂಥಾಲಯದ ದಕ್ಷಿಣ ಏಷ್ಯಾ ಸಂಗ್ರಹದಲ್ಲಿ ಕನ್ನಡ ಪುಸ್ತಕಗಳೂ ಇವೆ. ಚೆಂಡು ಹಿಡಿದು ಓಡುತ್ತಿದ್ದ ನೆಲದ ಮೇಲೆ ಕನ್ನಡದ ಕಪಾಟು! ಕನ್ನಡದವಳಾಗಿ ನಾನು ಹಚಿನ್ಸ್‌ನ ಪಕ್ಷ ವಹಿಸಬೇಕು. ಆದರೆ ಷಿಕಾಗೊ ಕೂಡ 1969ರಲ್ಲಿ ತಂಡವನ್ನು ಮತ್ತೆ ಕಟ್ಟಿತು. ಸಣ್ಣ ಮಟ್ಟದಲ್ಲಿ, ಆಟಕ್ಕೆಂದು ವಿದ್ಯಾರ್ಥಿವೇತನ ಕೊಡದೆ, ಟೀವಿಯವರ ಕಾಟವಿಲ್ಲದೆ. ಓದಿನ ಊರಿಗೂ ಆಟವಿಲ್ಲದೆ ಇರಲಾಗಲಿಲ್ಲ. ಕೇಳಿದರೆ ನಾನು ಅವರ ರೀತಿಯನ್ನೇ ಸರಿ ಎನ್ನುತ್ತೇನೆ. ಅಷ್ಟಾಗಿಯೂ ಶನಿವಾರ ಬಂದರೆ ಹೋಗುವುದು ಈ ಬಾವಿಯಂಥ ಅಂಗಳಕ್ಕೇ.

ಹುಡುಗಿಯ ಕಣ್ಣು ಇದ್ದದ್ದು ಬೇರೆ ಕಡೆ. ಆಟಕ್ಕೆ ಮೊದಲು ವಾದ್ಯವೃಂದ ಸುರಂಗದಿಂದ ಓಡೋಡುತ್ತ ಬಂದು ಅಂಗಳ ತುಂಬಿತು. ಸುಮಾರು ನಾಲ್ಕು ನೂರು ವಿದ್ಯಾರ್ಥಿಗಳು, ಹಿತ್ತಾಳೆಯೆಲ್ಲ ಬಿಸಿಲಿಗೆ ಮಿಂಚುತ್ತಿತ್ತು. ಮುಂದಾಳು ನಿಂತಲ್ಲೇ ಹಿಂದಕ್ಕೆ ಬಾಗಿ ಬಾಗಿ ತಲೆಯನ್ನು ನೆಲಕ್ಕೆ ಮುಟ್ಟಿಸಿದ. ಲಕ್ಷ ಜನ ಅದಕ್ಕೇ ಕಾದಿದ್ದವರಂತೆ ಕೂಗಿದರು. ಆಮೇಲೆ ಚೆಂಡು ಎತ್ತ ಹೋದರೂ ಇವಳ ಬೈನಾಕ್ಯುಲರ್ ವಾದ್ಯವೃಂದದ ಸಾಲಿನ ಮೇಲೆಯೇ. ಟ್ಯೂಬಾ ಹೊತ್ತ ಒಬ್ಬಳು ಹುಡುಗಿ ನೀರು ಕುಡಿದದ್ದು, ಟ್ರಂಪೆಟ್ಟಿನವನು ಕಾಗದ ಹಾರಿಹೋದಾಗ ಬೂಟಿನಿಂದ ತುಳಿದು ಹಿಡಿದದ್ದು, ಎಲ್ಲವನ್ನೂ ವರದಿ ಮಾಡಿದಳು. 1970ರ ದಶಕದವರೆಗೆ ಆ ಸಾಲಿನಲ್ಲೂ ಹುಡುಗಿಯರಿರಲಿಲ್ಲ. ಅವರಲ್ಲಿ ಸಂಗೀತವನ್ನೇ ಓದುವವರು ಕಡಿಮೆ, ಎಂಜಿನಿಯರಿಂಗು, ವಿಜ್ಞಾನ ಓದುವವರೇ ಹೆಚ್ಚು ಎಂದು ಹೇಳಿದಾಗ ಬೈನಾಕ್ಯುಲರ್ ಕೆಳಗಿಳಿಯಿತು. “ಅವರು ಓದಿಕೊಂಡೇ ಇದನ್ನೂ ಮಾಡ್ತಾರಾ?”

“ಹೂಂ, ಓದಿಕೊಂಡೇ. ವಾರದ ದಿನ ಸಂಜೆ ಅಭ್ಯಾಸ ಮಾಡ್ತಾರೆ.”

“ಅವರ ಮೇಲೆ ಯಾರೂ ಬೀಳಲ್ಲ ಅಲ್ವಾ?”

ಮಿಷಿಗನ್ ಗೆದ್ದಿತು. ಅಂಕ ಎಷ್ಟೆಂದು ಅವಳು ಕೇಳಲೇ ಇಲ್ಲ. ಕಾರು ನಿಲ್ಲಿಸಿದ್ದ ಗಾಲ್ಫ್ ಮೈದಾನದಿಂದ ರಸ್ತೆಗೆ ಇಳಿಯಲು ಒಂದು ಸಿನಿಮಾ ನೋಡುವಷ್ಟು ಹೊತ್ತು ಹಿಡಿಯಿತು. ಆ ಹೊತ್ತಿನಲ್ಲಿ, ತನ್ನ ಶಾಲೆಯಲ್ಲಿ ಆರನೇ ತರಗತಿಯಿಂದ ಬ್ಯಾಂಡ್ ಇದೆಯಂತೆ, ವಾದ್ಯ ಬಾಡಿಗೆಗೆ ಕೊಡುತ್ತಾರಂತೆ, ಎಂದು ಶಾಲೆಯಲ್ಲಿ ಕೇಳಿ ಬಂದದ್ದನ್ನೆಲ್ಲ ಒಪ್ಪಿಸಿದಳು. ತಂಗಿ ಅವಳಿಗಾಗಿ ಮೈಸೂರಿನಿಂದ ಪಿಟೀಲು ಹೊತ್ತು ತಂದಿದ್ದಾಳೆ, ನೋವಿ ಎಂಬ ಊರಿನಲ್ಲಿ ಮೇಷ್ಟರನ್ನೂ ಹುಡುಕಿಟ್ಟಿದ್ದಾಳೆ. ರಾತ್ರಿ ಫೋನು ಬಂತು. “ಅಕ್ಕಾ, ಫುಟ್‌ಬಾಲಿಗೆ ಅಂತ ಕಳಿಸಿದೆ. ಇವಳು ಟ್ಯೂಬಾ ಬೇಕು ಅಂತ ಕೂತಿದ್ದಾಳೆ. ಅದು ನಮ್ಮ ಕಾರಿನ ಡಿಕ್ಕಿಯಲ್ಲಿ ಹಿಡಿಯುತ್ತಾ?”